ಹವಾಮಾನ ಕಾನೂನು ಹೇಳಲು ಹೋದೆ, ಅಜ್ಜಿ ಪಹಣಿ ತೆಗೆದು ತೋರಿಸಿದರು. ಮುಂದೆ ಏನು ಕಲಿಸಲಿ?

ಹೊಳೆಸಾಲು_ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಐದು ವರ್ಷದ ಕಾನೂನು ಕೋರ್ಸಿನ ನಾಲ್ಕನೇ ವರ್ಷದಲ್ಲಿದ್ದೇನೆ. ನಮ್ಮೂರು ಮಲಪ್ರಭಾ ದಂಡೆಯಲ್ಲಿದೆ. 2019ರ ಆಗಸ್ಟ್‌ನಲ್ಲಿ ನೆರೆ ಬಂದಾಗ ನಾನಿನ್ನೂ ಹೈಸ್ಕೂಲು. ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತು. ಹನ್ನೆರಡು ದಿನ ಶಾಲೆಯ ಕೋಣೆಯಲ್ಲಿ ಮಲಗಿದ್ದೆವು. ನಾನು ಕಾನೂನು ಓದಲು ಬಂದಿದ್ದಕ್ಕೂ ಅದೇ ಕಾರಣ.

ಕಳೆದ ಡಿಸೆಂಬರ್‌ನಿಂದ ನಾವು ನಾಲ್ವರು ಗೆಳತಿಯರು ಭಾನುವಾರಗಳಂದು ಹೊಳೆದಂಡೆಯ ಊರುಗಳಿಗೆ ಹೋಗಿ ಹವಾಮಾನ ಕಾನೂನಿನ ಬಗ್ಗೆ ತರಗತಿ ಮಾಡುತ್ತಿದ್ದೇವೆ. ಒಂಬತ್ತು ಊರಾಯಿತು. 2015ರ ಪ್ಯಾರಿಸ್ ಒಪ್ಪಂದ, ಪರಿಸರ ಕಾಪಾಡಬೇಕು ಅನ್ನುವ ಸಂವಿಧಾನದ 48ಎ ಮತ್ತು 51ಎ(ಜಿ) ವಿಧಿಗಳು, ಹವಾಮಾನದ ಹಕ್ಕಿನ ಬಗ್ಗೆ 2024ರ ಸುಪ್ರೀಂ ಕೋರ್ಟ್ ತೀರ್ಪು ಎಲ್ಲ ಹೇಳುತ್ತೇವೆ. ಜನ ಕೂತು ಕೇಳುತ್ತಾರೆ, ಚಹಾ ಕೊಡುತ್ತಾರೆ.

ಹೋದ ವಾರ ಮಾತು ಮುಗಿದ ಮೇಲೆ ಒಬ್ಬ ಅಜ್ಜಿ ಹತ್ತಿರ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟಿದ್ದ ಪಹಣಿ ತೆಗೆದರು. ಜಮೀನು ಇನ್ನೂ ಗಂಡನ ಹೆಸರಲ್ಲೇ ಇದೆ. ಅವರು ತೀರಿಕೊಂಡಿದ್ದು ನೆರೆಗಿಂತ ನಾಲ್ಕು ವರ್ಷ ಮುಂಚೆ. ಬೆಳೆ ಪರಿಹಾರ ಬರಲೇ ಇಲ್ಲ. "ಇದಕ್ಕ ನಿನ್ನ ಕಾನೂನು ಏನ್ ಹೇಳ್ತದವ್ವಾ?" ಅಂದರು.

ನನ್ನ ಬಳಿ ಉತ್ತರ ಇರಲಿಲ್ಲ. ತೀರ್ಪಿನ ಸಾಲುಗಳು ಬಾಯಿಪಾಠ ಇವೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಹೇಗೆ ಮಾಡಿಸುವುದು ಅಂತ ಗೊತ್ತಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ನಮ್ಮಲ್ಲೇ ಜಗಳ. ಪರಿಹಾರ, ವಿಮೆ, ದಾಖಲೆ ಇವನ್ನೇ ಕಲಿಸೋಣ ಅಂತ ನಾನು. ಹಾಗೆ ಮಾಡಿದರೆ ಅದು ಹವಾಮಾನ ಕಾನೂನೇ ಅಲ್ಲ, ಕಂದಾಯ ಇಲಾಖೆ ಕೆಲಸ ಅಂತ ಇಬ್ಬರು ಗೆಳತಿಯರು. ನೀವೇನಂತೀರಿ?

ಕಂದಾಯದವ
ತಂಗಿ, ಮೊದಲು ಅಜ್ಜಿ ಕೆಲಸ ಮುಗಿಸಿ, ಚರ್ಚೆ ಆಮೇಲೆ ಮಾಡೋಣ. ನಾನು ಮೂವತ್ತೊಂದು ವರ್ಷ ಈ ಇಲಾಖೆಯಲ್ಲಿದ್ದು ನಿವೃತ್ತನಾದವನು. ಗಂಡನ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್ ಪ್ರತಿ ಇಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿಸಿ. ಆಕ್ಷೇಪಣೆಗೆ ನೋಟಿಸ್ ಹೊರಡಿಸುತ್ತಾರೆ. ತಕರಾರು ಇಲ್ಲದಿದ್ದರೆ ಖಾತೆ ಬದಲಾಗುತ್ತದೆ.

ಮರಣ ನೋಂದಣಿಯೇ ಆಗಿಲ್ಲದಿದ್ದರೆ ಸ್ವಲ್ಪ ಓಡಾಟ. ಒಂದು ವರ್ಷ ದಾಟಿದ ಮರಣಕ್ಕೆ ಮೊದಲೆಲ್ಲ ಕೋರ್ಟಿಗೆ ಹೋಗಬೇಕಿತ್ತು. 2023ರ ತಿದ್ದುಪಡಿ ಬಂದ ಮೇಲೆ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿಗಳ ಕೈಗೆ ಬಂದಿದೆ.

ಒಂದು ಮಾತು ನೆನಪಿಡಿ. ನೆರೆ ಬಂದಾಗ ಪಂಚನಾಮೆ ಮಾಡುವವನು ಪಹಣಿಯಲ್ಲಿ ಯಾರ ಹೆಸರಿದೆ ಅಂತ ನೋಡುತ್ತಾನೆ. ಸತ್ತವರ ಖಾತೆಗೆ ದುಡ್ಡು ಹಾಕಲು ಅವನಿಗೆ ದಾರಿಯೇ ಇರುವುದಿಲ್ಲ.

ನೇರನುಡಿ
ಬೇಜಾರಾದರೂ ಹೇಳುತ್ತೇನೆ. ನಮ್ಮೂರಿಗೂ ಎರಡು ವರ್ಷದ ಕೆಳಗೆ ಒಂದು ಕಾಲೇಜಿನ ಮಕ್ಕಳು ಬಂದಿದ್ದರು. ಬ್ಯಾನರ್ ಕಟ್ಟಿದರು, ಪರಿಸರ ಕಾನೂನು ಅಂತ ಒಂದು ಗಂಟೆ ಓದಿದರು, ಗುಂಪಾಗಿ ಫೋಟೊ ತೆಗೆಸಿಕೊಂಡರು. ಮತ್ತೆ ಯಾರೂ ತಿರುಗಿ ನೋಡಲಿಲ್ಲ. ಪ್ರಶ್ನೆ ಬರೆದುಕೊಂಡು ಹೋದವರು ಒಂದಕ್ಕೂ ಉತ್ತರ ಕಳಿಸಲಿಲ್ಲ. ನಿಮ್ಮ ತರಗತಿ ಅದಕ್ಕಿಂತ ಹೇಗೆ ಬೇರೆ?

ಹೊಳೆಸಾಲು_ಹುಡುಗಿ
@ನೇರನುಡಿ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಒಂಬತ್ತು ಊರಲ್ಲಿ ಎರಡನೇ ಸಲ ಹೋಗಿದ್ದು ಎರಡಕ್ಕೆ ಮಾತ್ರ. ಅದು ತಪ್ಪು. ಇನ್ನು ಮೇಲೆ ಹೊಸ ಊರು ಹಿಡಿಯುವ ಮುಂಚೆ ಹಳೆಯ ಊರುಗಳಿಗೆ ಹೋಗುತ್ತೇವೆ.

ಸೊಪ್ಪಿನಬೆಟ್ಟ
ಶಿರಸಿ ಕಡೆಯಿಂದ. ನಾನು ಅಡಿಕೆ, ಮೆಣಸು ಬೆಳೆಯುವವ. ನಮ್ಮಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ತೋಟಕ್ಕೆ ಯಾರೂ ಬಂದು ಕೊಳೆರೋಗ ನೋಡುವುದಿಲ್ಲ. ಪಂಚಾಯಿತಿಯಲ್ಲಿರುವ ಮಳೆಮಾಪಕ ಏನು ಹೇಳುತ್ತದೋ ಅದರ ಮೇಲೆ ದುಡ್ಡು. ಒಂದು ವರ್ಷ ನಮ್ಮಲ್ಲಿ ಬಿಡದೆ ಮಳೆ. ಅರ್ಧ ತೋಟ ಕೊಳೆಯಿತು. ವಿಮೆ ಬಂದಿದ್ದು ಪಕ್ಕದ ಪಂಚಾಯಿತಿಯ ಮೂರನೇ ಒಂದು ಭಾಗ. ಕೇಳಿದರೆ ಮಾಪಕ ಆಗ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವಂತೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ದಿನದಿನದ ಮಳೆ ಲೆಕ್ಕ ತೆಗೆಸಿದೆವು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಇದು ಗೊತ್ತಿಲ್ಲದೆ ನಮ್ಮ ಮೊದಲ ಅರ್ಜಿ ವಾಪಸ್ ಬಂದಿತ್ತು. ಆ ಮಳೆಯ ಹೊತ್ತಲ್ಲೇ ಮಾಪಕ 19 ದಿನ ಸೊನ್ನೆ ತೋರಿಸಿತ್ತು. ಆ ಹಾಳೆ ಹಿಡಿದುಕೊಂಡೇ ಮಾತಾಡಿದೆವು.

ಇದು ಹವಾಮಾನ ಕಾನೂನು ಅಲ್ಲದಿದ್ದರೆ ಇನ್ಯಾವುದು? ಮಳೆ ಅಳೆಯುವ ಡಬ್ಬಿಯೇ ನನಗೆ ಸಾಕ್ಷಿ. ನಿಮ್ಮ ಗೆಳತಿಯರಿಗೆ ಹೇಳಿ.

ಕರಿಕೋಟು
ವಕೀಲನಾಗಿ ಎರಡು ಮಾತು.

ಒಂದು, ನಿಮ್ಮ ಗೆಳತಿಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಭಾರತದಲ್ಲಿ ಹವಾಮಾನ ಬದಲಾವಣೆಗೆ ಅಂತಲೇ ಒಂದು ಸಮಗ್ರ ಕಾಯ್ದೆ ಇಲ್ಲ. ನೀವು ಹೇಳಿದ ತೀರ್ಪಿನಲ್ಲೇ ಕೋರ್ಟು ಆ ಮಾತು ಆಡಿದೆ. ಅದು ಎಂ.ಕೆ. ರಂಜಿತ್‌ಸಿಂಹ ಪ್ರಕರಣ, 2024ರ ಮಾರ್ಚ್ 21. ವಿವಾದ ಇದ್ದಿದ್ದು ರಾಜಸ್ಥಾನ, ಗುಜರಾತಿನ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಮತ್ತು ಅದರ ಜಾಗದಲ್ಲಿ ಹಾದು ಹೋಗುವ ವಿದ್ಯುತ್ ತಂತಿಗಳ ಬಗ್ಗೆ. ಅದನ್ನು ನೋಡುತ್ತಾ ಕೋರ್ಟು, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಿಂದ ಬರುತ್ತದೆ ಎಂದಿತು. ಆ ಹಕ್ಕು ಈಗ ಬರಹದಲ್ಲಿದೆ. ಅದು ಊರಿಗೆ ಇಳಿಯುವುದು ಪಹಣಿ, ಪಂಚನಾಮೆ, ವಿಮೆ, ಗ್ರಾಮಸಭೆ ಮೂಲಕವೇ. ಹೀಗೆ ಜೋಡಿಸಿ ಹೇಳಿ. ಎರಡರಲ್ಲಿ ಒಂದನ್ನು ಆರಿಸುವ ಅಗತ್ಯ ಇಲ್ಲ.

ಎರಡು, ನೆರೆ ಮತ್ತು ಬರದ ಸಂತ್ರಸ್ತರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರ ಜೊತೆಗೆ ನೆರೆ, ಬರ, ಭೂಕಂಪಕ್ಕೆ ಸಿಕ್ಕವರ ಹೆಸರೂ ಇದೆ. ಆ ಅಜ್ಜಿ ಮಹಿಳೆ, ಜೊತೆಗೆ ನೆರೆ ಸಂತ್ರಸ್ತೆ. ಎರಡು ಬಾಗಿಲೂ ತೆರೆದಿವೆ. ಸಹಾಯವಾಣಿ 15100. ಇದನ್ನು ಎಷ್ಟು ಊರಲ್ಲಿ ಹೇಳಿದ್ದೀರಿ?

ಹೊಳೆಸಾಲು_ಹುಡುಗಿ
ಒಂದರಲ್ಲೂ ಹೇಳಿಲ್ಲ ಸರ್. ಪರೀಕ್ಷೆಗೆ ಓದಿದ್ದೆ. ಊರಲ್ಲಿ ಹೇಳಬೇಕು ಅಂತ ಹೊಳೆದಿರಲಿಲ್ಲ.

ಸೀಮೆಸುಣ್ಣ
ನಾನು ಸಮಾಜ ವಿಜ್ಞಾನದ ಶಿಕ್ಷಕಿ. ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಪಠ್ಯಪುಸ್ತಕದಲ್ಲಿ ಕ್ಲೈಮೇಟ್‌ಗೆ ವಾಯುಗುಣ ಅನ್ನುತ್ತೇವೆ. ಹವಾಮಾನ ಅಂದರೆ ಇವತ್ತು ಮಳೆಯೋ ಬಿಸಿಲೋ ಅನ್ನೋದು. ಮಕ್ಕಳು ಶಾಲೆಯಲ್ಲಿ ಒಂದು ಕಲಿಯುತ್ತಾರೆ, ಪೇಪರಿನಲ್ಲಿ ಇನ್ನೊಂದು ಓದುತ್ತಾರೆ. ನೀವು ಶಾಲೆಗಳಿಗೂ ಹೋಗುವುದಾದರೆ ವಾಯುಗುಣ ಬದಲಾವಣೆ ಅಂತಲೇ ಹೇಳಿ.

ಬಿಳಿಜೋಳ
ಟೀಚರ್, ವಾಯುಗುಣ ಅಂದರೆ ನಮ್ಮವ್ವನಿಗೆ ಹೊಟ್ಟೆಯ ವಾಯು ನೆನಪಾಗುತ್ತದೆ. ಹವಾಮಾನ ಅಂತಲೇ ಇರಲಿ. ಎಲ್ಲರೂ ಹಾಗೇ ಅನ್ನುತ್ತಾರೆ.

ಸೀಮೆಸುಣ್ಣ
ಎಲ್ಲರೂ ಅನ್ನುತ್ತಾರೆ ಅಂತ ತಪ್ಪು ಸರಿಯಾಗುವುದಿಲ್ಲ. ವ್ಯತ್ಯಾಸ ಮುಖ್ಯ. ಒಂದು ದಿನ ಚಳಿಯಾದರೆ "ಎಲ್ಲಿದೆ ನಿಮ್ಮ ತಾಪಮಾನ ಏರಿಕೆ" ಅಂತ ಕೇಳುವವರು ಹುಟ್ಟುವುದೇ ಈ ಗೊಂದಲದಿಂದ.

ಸೊಪ್ಪಿನಬೆಟ್ಟ
ಪದ ಬಿಡಿ. ನಕ್ಷತ್ರದಿಂದ ಶುರು ಮಾಡಿ. ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಅನ್ನುತ್ತಿದ್ದರು. ಈಗ ಆರಿದ್ರಾದಲ್ಲಿ ಬಿಸಿಲು ಕಾಯುತ್ತದೆ, ಕೊಯ್ಲಿನ ಹೊತ್ತಿಗೆ ಸುರಿಯುತ್ತದೆ. ಯಾವ ವರ್ಷದಿಂದ ಹೀಗಾಯಿತು ಅಂತ ಕೇಳಿ ನೋಡಿ. ಊರೇ ಮಾತಾಡಲು ಶುರು ಮಾಡುತ್ತದೆ.

ಬಿಳಿಜೋಳ
ಇದು ಸರಿಯಾದ ಮಾತು. ನಮ್ಮ ಕಡೆ ಹಿಂಗಾರಿ ಜೋಳ ಬಿತ್ತುವ ದಿನ ಈಗ ಯಾರಿಗೂ ಗೊತ್ತಾಗುತ್ತಿಲ್ಲ. ಹಸ್ತ ಮಳೆ ನೋಡಿ ಬಿತ್ತುತ್ತಿದ್ದೆವು. ಈಗ ಮೊಬೈಲ್ ನೋಡಿ ಬಿತ್ತುತ್ತೇವೆ. ಎರಡೂ ಕೈಕೊಡುತ್ತವೆ.

ಆದರೆ ತಂಗಿ, ನನ್ನ ಪ್ರಶ್ನೆ ಬೇರೆ. ನಾನು ಬೇರೆಯವರ ಹೊಲ ಲಾವಣಿ, ಅಂದರೆ ಗೇಣಿ, ಹಿಡಿದು ಮಾಡುವವನು. ಐದು ಎಕರೆ ನನ್ನದಲ್ಲ. ಪಹಣಿ ಸರಿ ಮಾಡಿಸಿ ಅನ್ನುತ್ತೀರಿ. ಯಾವ ಪಹಣಿ ಸರಿ ಮಾಡಿಸಲಿ? 2023ರ ಬರದಲ್ಲಿ ಬೆಳೆ ಹೋಗಿದ್ದು ನನ್ನದು. ಬೀಜ, ಗೊಬ್ಬರ ನನ್ನ ಸಾಲ. ಪರಿಹಾರ ಬಂದಿದ್ದು ಜಮೀನಿನ ಮಾಲೀಕರಿಗೆ. ಅವರು ಪಟ್ಟಣದಲ್ಲಿದ್ದಾರೆ. ಒಳ್ಳೆಯವರು, ಅರ್ಧ ಕೊಟ್ಟರು. ಕೊಡದಿದ್ದರೆ ಕೇಳಲು ನನಗೆ ಏನು ಹಕ್ಕಿತ್ತು?

ಎರಡನೇ_ವರ್ಷ
ಸರ್, ಇಂಥದ್ದಕ್ಕೆ ಹಸಿರು ನ್ಯಾಯಮಂಡಳಿಗೆ ಹೋಗಬಹುದಲ್ವಾ? ಚೆನ್ನೈ ಪೀಠ ಇದೆ.

ಕರಿಕೋಟು
ಹೋಗಲಾಗುವುದಿಲ್ಲ ತಮ್ಮಾ. ಆ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ನೋಡುವುದು 2010ರ ಕಾಯ್ದೆಯ ಪಟ್ಟಿಯಲ್ಲಿರುವ ಏಳು ಕಾನೂನುಗಳ ವಿಷಯ ಮಾತ್ರ. ನೀರು, ಗಾಳಿ, ಅರಣ್ಯ, ಪರಿಸರ ಸಂರಕ್ಷಣೆ, ಜೀವವೈವಿಧ್ಯ, ಹೀಗೆ. ಬೆಳೆ ಪರಿಹಾರ ಅದರಲ್ಲಿಲ್ಲ. ಉತ್ತರಾಖಂಡದ ರಿಧಿಮಾ ಪಾಂಡೆ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ, 2017ರಲ್ಲಿ, ಸರ್ಕಾರ ಹವಾಮಾನ ಬದಲಾವಣೆ ತಡೆಯಲು ಸಾಕಷ್ಟು ಮಾಡುತ್ತಿಲ್ಲ ಅಂತ ಅಲ್ಲಿಗೆ ಹೋಗಿದ್ದಳು. 2019ರಲ್ಲಿ ಅರ್ಜಿ ವಜಾ ಆಯಿತು.

ಬಿಳಿಜೋಳ ಅವರೇ, ನಿಮ್ಮ ಕಷ್ಟಕ್ಕೆ ಕಾಗದದಲ್ಲಿ ಮದ್ದಿಲ್ಲ. ನಮ್ಮ ಭೂ ಸುಧಾರಣಾ ಕಾಯ್ದೆಯ 5ನೇ ಕಲಮು ಕೃಷಿ ಜಮೀನು ಗೇಣಿಗೆ ಕೊಡುವುದನ್ನೇ ನಿಷೇಧಿಸುತ್ತದೆ. ಗೇಣಿದಾರನನ್ನು ಕಾಪಾಡಲು ಬಂದ ಕಾನೂನು ಅದು. ಉಳುವವನಿಗೆ ಭೂಮಿ ಕೊಡಿಸಿದ್ದೂ ಅದೇ. ಆದರೆ ಇವತ್ತಿನ ಲಾವಣಿ ಎಲ್ಲ ಬಾಯಿಮಾತಿನ ಮೇಲೆ ನಡೆಯುತ್ತದೆ. ಹಾಗಾಗಿ ನೀವು ಯಾವ ದಾಖಲೆಯಲ್ಲೂ ಇಲ್ಲ. ಇಲ್ಲಿ ಕಾನೂನೇ ಬದಲಾಗಬೇಕು.

ನೇರನುಡಿ
ನೋಡಿ, ಇದೇ ನಾನು ಹೇಳುವುದು. ಪೌತಿ ಖಾತೆ ಮಾಡಿಸಿದರೆ ಹತ್ತು ಅಜ್ಜಿಯರಿಗೆ ಒಳ್ಳೆಯದಾಗುತ್ತದೆ. ಸಂತೋಷ. ಲಾವಣಿಯವನು, ಕೂಲಿಯವಳು ಅಲ್ಲೇ ಇರುತ್ತಾರೆ. ದಾಖಲೆ ಇರುವವರಿಗೆ ಮಾತ್ರ ನಿಮ್ಮ ತರಗತಿ ಆಗಬಾರದು.

ಕಾಫಿತೋಟ
ಕೊಡಗಿನಿಂದ. 2018ರ ಆಗಸ್ಟ್ ನೆನಪಿದೆಯಲ್ಲ, ಮಕ್ಕಂದೂರು, ಜೋಡುಪಾಲ. ಆಗ ನಾನು ಸ್ವಯಂಸೇವಕನಾಗಿ ಓಡಾಡಿದ್ದೆ. ತೋಟದ ಲೈನ್ ಮನೆಯಲ್ಲಿದ್ದ ಒಂದು ಕುಟುಂಬ. ಮನೆ ಜರಿದು ಹೋಯಿತು. ಮನೆ ಅವರದಲ್ಲ, ತೋಟದವರದು. ಪಾತ್ರೆ, ಬಟ್ಟೆ, ಮಗಳ ಅಂಕಪಟ್ಟಿ ಎಲ್ಲ ಮಣ್ಣಲ್ಲಿ. ಫಾರ್ಮ್ ತುಂಬುವಾಗ "ಮನೆಯ ಮಾಲೀಕರ ಹೆಸರು" ಅನ್ನುವ ಜಾಗಕ್ಕೆ ಬಂದಾಗ ಆ ಅಮ್ಮ ಪೆನ್ನು ಕೆಳಗಿಟ್ಟರು. ಅದು ಇನ್ನೂ ಕಣ್ಣ ಮುಂದಿದೆ.

ನೇರನುಡಿಯವರ ಮಾತು ಸರಿ. ಹಾಗಂತ ಹುಡುಗಿಯನ್ನು ಗದರಬೇಡಿ. ಆಕೆ ಕೇಳಲು ಬಂದಿದ್ದಾಳೆ.

ನೇರನುಡಿ
ಗದರುತ್ತಿಲ್ಲ ಸಾರ್. ಆಕೆ ಕೆಲಸ ಬಿಡಬಾರದು ಅಂತಲೇ ಇಷ್ಟು ಬರೆಯುತ್ತಿರುವುದು.

ಜೂರಿಕ್_ಕನ್ನಡತಿ
ಅಜ್ಜಿಯರ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಾನಿರುವ ಸ್ವಿಟ್ಜರ್‌ಲ್ಯಾಂಡಿನಲ್ಲಿ ಅಜ್ಜಿಯರದೇ ಒಂದು ಸಂಘ. ಎರಡು ಸಾವಿರಕ್ಕೂ ಹೆಚ್ಚು ಹೆಂಗಸರು, ಬಹುಪಾಲು ಎಪ್ಪತ್ತು ದಾಟಿದವರು. ಬೇಸಿಗೆಯ ಬಿಸಿಗಾಳಿಗೆ ವಯಸ್ಸಾದ ಹೆಂಗಸರೇ ಜಾಸ್ತಿ ಸಾಯುತ್ತಾರೆ, ಸರ್ಕಾರ ಕೈಕಟ್ಟಿ ಕೂತಿದೆ ಅಂತ ಕೇಸು ಹಾಕಿದರು. ಇಲ್ಲಿನ ಕೋರ್ಟುಗಳಲ್ಲೆಲ್ಲ ಸೋತರು. ಕೊನೆಗೆ 2024ರ ಏಪ್ರಿಲ್ 9ರಂದು ಸ್ಟ್ರಾಸ್‌ಬರ್ಗಿನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದರು. ನಮ್ಮ ಪಕ್ಕದ ಮನೆಯ ಅಜ್ಜಿ ಅವತ್ತು ಕೇಕ್ ಮಾಡಿ ಎಲ್ಲರಿಗೂ ಹಂಚಿದರು.

ಪ್ಯಾರಿಸ್ ಒಪ್ಪಂದ ಊರಲ್ಲಿ ಯಾರಿಗೂ ಬೇಡವಾಗಬಹುದು. ಈ ಅಜ್ಜಿಯರ ಕಥೆ ನಿಮ್ಮ ಅಜ್ಜಿಗೆ ಹೇಳಿ ನೋಡಿ.

ಎರಡನೇ_ವರ್ಷ
ಹಾಗಾದರೆ ಪೆಸಿಫಿಕ್ ದ್ವೀಪದೇಶ ವನುವಾಟುವಿನ ವಿದ್ಯಾರ್ಥಿಗಳನ್ನೂ ಹೇಳಬೇಕು! 2019ರಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು. ತರಗತಿಯಲ್ಲಿ ಹುಟ್ಟಿದ ಯೋಚನೆ. ಸಮುದ್ರ ಏರಿ ನಮ್ಮ ದ್ವೀಪ ಮುಳುಗಿದರೆ ಯಾರು ಹೊಣೆ ಅಂತ ಅಂತಾರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳೋಣ ಅಂತ ಹೊರಟರು. ತಮ್ಮ ಸರ್ಕಾರಗಳ ಬೆನ್ನುಬಿದ್ದರು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯ ಒಪ್ಪಿತು. 2025ರ ಜುಲೈ 23ರಂದು ಹೇಗ್‌ನಲ್ಲಿ ಎಲ್ಲ ನ್ಯಾಯಾಧೀಶರೂ ಒಮ್ಮತದಿಂದ ಅಭಿಪ್ರಾಯ ಕೊಟ್ಟರು. ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಹೊಣೆ, ತಪ್ಪಿದರೆ ಪರಿಹಾರ ಕೊಡಬೇಕಾಗಬಹುದು ಅಂತ. ವಿದ್ಯಾರ್ಥಿಗಳಿಂದ ಕಾನೂನು ಬದಲಾಗುವುದಿಲ್ಲ ಅನ್ನುವವರಿಗೆ ಇದನ್ನು ತೋರಿಸಿ.

ಕರಿಕೋಟು
ಅದು ಸಲಹಾ ಅಭಿಪ್ರಾಯ, ತೀರ್ಪಲ್ಲ. ದೇಶಗಳನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಇನ್ನೊಂದು, ಆ ವಿಚಾರಣೆಯಲ್ಲಿ ಈಗಿರುವ ಒಪ್ಪಂದಗಳನ್ನು ಮೀರಿ ಹೊಸ ಹೊಣೆ ಹೊರಿಸಬೇಡಿ ಅಂತ ಭಾರತ ವಾದಿಸಿತ್ತು. ಅದನ್ನೂ ಹೇಳಿ. ಆದರೆ ಹುಡುಗ ಹೇಳಿದ ಕಥೆ ನಿಜ, ದೊಡ್ಡದು.

ಬಿಳಿಜೋಳ
27 ಮಕ್ಕಳು ಅಲ್ಲಿಯವರೆಗೆ ಹೋದರೆ, ಲಾವಣಿಯವನ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ ಅಂತ ಕೇಳಲು ನಾವು ಬೆಳಗಾವಿ ಅಧಿವೇಶನದವರೆಗಾದರೂ ಹೋಗಬಹುದು.

ಕಂದಾಯದವ
ಅಷ್ಟು ದೂರ ಹೋಗುವ ಮುಂಚೆ ಗ್ರಾಮಸಭೆ ಇದೆಯಲ್ಲ. ಆರು ತಿಂಗಳಿಗೊಮ್ಮೆ ನಡೆಯಲೇಬೇಕು. ಯಾವ ಸರ್ವೆ ನಂಬರಿನಲ್ಲಿ ನಿಜವಾಗಿ ಬೆಳೆ ಮಾಡುವವರು ಯಾರು ಅಂತ ನಡಾವಳಿಯಲ್ಲಿ ಬರೆಸಿ. ಅದರಿಂದ ಪರಿಹಾರದ ಹಕ್ಕು ಹುಟ್ಟುವುದಿಲ್ಲ, ಸುಳ್ಳು ಭರವಸೆ ಕೊಡಬೇಡಿ. ಆದರೆ ನಾಳೆ ಯಾರಾದರೂ ಲೆಕ್ಕ ಕೇಳಿದರೆ ಒಂದು ಕಾಗದ ಇರುತ್ತದೆ. ಮಾಲೀಕರು ಹೆದರದಂತೆ ಮಾತಾಡಬೇಕು. ಹೆದರಿದರೆ ಲಾವಣಿಯೇ ಬಿಡಿಸುತ್ತಾರೆ. ಇದು ನಾಜೂಕಿನ ವಿಷಯ.

ಪರಿಹಾರದ ಲೆಕ್ಕವನ್ನೂ ಹೇಳಿಕೊಡಿ. 2022ರಿಂದ 2026ರವರೆಗಿನ ಕೇಂದ್ರದ ಮಾನದಂಡದಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋಗಿರಬೇಕಿತ್ತು. ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಎರಡು ಹೆಕ್ಟೇರಿನವರೆಗೆ. ಇಷ್ಟು ಗೊತ್ತಿದ್ದರೆ ರೈತ ತನಗೆ ಬಂದಿದ್ದು ಸರಿಯೋ ಅಂತ ತಾನೇ ಲೆಕ್ಕ ಹಾಕುತ್ತಾನೆ.

ಸೀಮೆಸುಣ್ಣ
8,500 ರೂಪಾಯಿಗೆ ಒಂದು ಹೆಕ್ಟೇರಿನ ಬಿತ್ತನೆ ಖರ್ಚೂ ಹುಟ್ಟುವುದಿಲ್ಲ ಅಲ್ವಾ?

ಬಿಳಿಜೋಳ
ಹುಟ್ಟುವುದಿಲ್ಲ ಟೀಚರ್. ಅದೂ ಬರುವ ಹೊತ್ತಿಗೆ ಇನ್ನೊಂದು ಬಿತ್ತನೆ ಬಂದಿರುತ್ತದೆ.

ಕರಿಕೋಟು
2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಘೋಷಣೆಯಾಗಿತ್ತು. ಕೇಂದ್ರದಿಂದ ಬರ ಪರಿಹಾರ ಬರಲಿಲ್ಲ ಅಂತ ರಾಜ್ಯ ಸರ್ಕಾರವೇ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ರಾಜ್ಯ ಕೇಳಿದ್ದು 18 ಸಾವಿರ ಕೋಟಿಗೂ ಜಾಸ್ತಿ. ಊರಲ್ಲಿ ಇದನ್ನು ಹೇಳಿ. ಒಂದು ಸರ್ಕಾರವೇ ಕೋರ್ಟಿನಲ್ಲಿ ಕೈಯೊಡ್ಡಿ ನಿಂತಿತು ಅಂದರೆ, ಪರಿಹಾರ ಕೇಳುವುದು ಭಿಕ್ಷೆ ಅಲ್ಲ ಅಂತ ಜನಕ್ಕೆ ಅರ್ಥವಾಗುತ್ತದೆ.

ಸೊಪ್ಪಿನಬೆಟ್ಟ
ಫಸಲ್ ಬಿಮಾ ಬೆಳೆ ವಿಮೆ ಮಾಡಿಸಿದವರಿಗೆ 72 ಗಂಟೆಯ ಮಾತು ಮರೆಯಬೇಡಿ. ಆಲಿಕಲ್ಲು, ಗುಡ್ಡ ಕುಸಿತದಂಥ ನಷ್ಟಕ್ಕೆ ಮೂರು ದಿನದೊಳಗೆ ತಿಳಿಸಬೇಕು. ಸಹಾಯವಾಣಿ 14447. ಗೋಡೆ ಮೇಲೆ ಬರೆಸಿ.

ಹೊಳೆಸಾಲು_ಹುಡುಗಿ
ಮೂರು ವಾರ ಆಯಿತು, ಕ್ಷಮಿಸಿ. ಪರೀಕ್ಷೆ ಇತ್ತು. ನಿನ್ನೆ ಅದೇ ಊರಿಗೆ ಹೋಗಿದ್ದೆವು.

ಈ ಸಲ ಭಾಷಣ ಇಲ್ಲ. ಗುಡಿಯ ಕಟ್ಟೆ ಮೇಲೆ ಕೂತೆವು. ನಕ್ಷತ್ರದ ಮಳೆಯಿಂದ ಶುರು ಮಾಡಿದೆ. ಸೊಪ್ಪಿನಬೆಟ್ಟ ಸರ್, ನೀವು ಹೇಳಿದ್ದು ಅಕ್ಷರಶಃ ನಿಜ. ಇಪ್ಪತ್ತು ನಿಮಿಷ ನಾನು ಬಾಯಿ ತೆರೆಯಲೇ ಇಲ್ಲ. ಗಂಡಸರಿಗಿಂತ ಹೆಂಗಸರೇ ಜಾಸ್ತಿ ಮಾತಾಡಿದರು.

ಆಮೇಲೆ ಪಹಣಿ ತರಿಸಿದೆವು. 17 ಬಂದವು. ಅದರಲ್ಲಿ ಆರು ತೀರಿಕೊಂಡವರ ಹೆಸರಲ್ಲಿ. ಒಂದು ಮುತ್ತಜ್ಜನ ಹೆಸರಲ್ಲಿ. ಆ ಅಜ್ಜಿಯ ಗಂಡನ ಮರಣ ನೋಂದಣಿಯಾಗಿತ್ತು, ಪುಣ್ಯ. ಅರ್ಜಿ ಬರೆದಾಗಿದೆ, ಮಂಗಳವಾರ ನಾಡಕಚೇರಿಗೆ ಮಗನ ಜೊತೆ ಹೋಗುತ್ತಾರೆ. 2019ರ ದುಡ್ಡು ಇನ್ನು ಬರುವುದು ಕಷ್ಟ ಅಂತ ಮುಚ್ಚುಮರೆ ಇಲ್ಲದೆ ಹೇಳಿದೆ. "ಮುಂದಿನ ನೆರಿಗಾದ್ರೂ ಆಗ್ಲಿ" ಅಂದರು. ನನಗೆ ಗಂಟಲು ಕಟ್ಟಿತು.

ಪಹಣಿ ಇಲ್ಲದವರನ್ನು ಬೇರೆಯಾಗಿ ಬರೆದುಕೊಂಡೆವು. ಲಾವಣಿಯವರು ಐದು ಮನೆ, ಕೂಲಿಯವರು ಹನ್ನೊಂದು. ಪಹಣಿ, ಪರಿಹಾರ ಹವಾಮಾನ ಕಾನೂನೇ ಅಲ್ಲ ಅಂತ ಜಗಳ ಆಡಿದ್ದ ನನ್ನ ಗೆಳತಿಯೇ ಈಗ ಇವರ ಬಗ್ಗೆ ಬರೆಯುತ್ತಿದ್ದಾಳೆ. ಗೇಣಿ ನಿಷೇಧ ಮತ್ತು ಬರ ಪರಿಹಾರ ಅಂತ ಅವಳ ಕೊನೆಯ ವರ್ಷದ ಪ್ರಬಂಧಕ್ಕೆ ವಿಷಯ. ಬಿಳಿಜೋಳ ಅಣ್ಣ, ಅವಳು ನಿಮ್ಮ ಜೊತೆ ಮಾತಾಡಬಹುದಾ? ಹೆಸರು, ಊರು ಎಲ್ಲೂ ಬರೆಯುವುದಿಲ್ಲ.

ಸ್ವಿಸ್ ಅಜ್ಜಿಯರ ಕಥೆಯನ್ನೂ ಹೇಳಿದೆ. ಗೆದ್ದರು ಅಂದ ಕೂಡಲೇ ಒಬ್ಬರು "ಎಷ್ಟು ವರ್ಷ ಓಡಾಡಿದ್ರಂತ?" ಅಂತ ಕೇಳಿದರು.

ಜೂರಿಕ್_ಕನ್ನಡತಿ
ಸಂಘ ಕಟ್ಟಿದ್ದು 2016ರಲ್ಲಿ. ಎಂಟು ವರ್ಷ ಅಂತ ಹೇಳಿ ಅವರಿಗೆ.

ಬಿಳಿಜೋಳ
ಮಾತಾಡಲಿ ತಂಗಿ. ರಾತ್ರಿ ಎಂಟರ ಮೇಲೆ ಆದರೆ ಒಳ್ಳೆಯದು. ಹಗಲು ಹೊಲದಲ್ಲಿ ಸಿಗ್ನಲ್ ಇರುವುದಿಲ್ಲ.

ನೇರನುಡಿ
ಮತ್ತೆ ಹೋದಿರಲ್ಲ, ಅದು ಮುಖ್ಯ. ನಮ್ಮೂರಿಗೂ ಬನ್ನಿ. ಊಟ ನಮ್ಮ ಮನೆಯಲ್ಲಿ.

ಎರಡನೇ_ವರ್ಷ
ಅಕ್ಕ, ಊರಲ್ಲಿ ಹಂಚುವ ಹಾಳೆ ಮಾಡಿದ್ದೀರಾ? ನಾವು ಕೃಷ್ಣಾ ದಂಡೆಯ ಊರುಗಳಲ್ಲಿ ಶುರು ಮಾಡಬೇಕು ಅಂತಿದ್ದೇವೆ.

ಹೊಳೆಸಾಲು_ಹುಡುಗಿ
ಮಾಡಿದ್ದೇವೆ. ಒಂದೇ ಹಾಳೆ. ಮೇಲೆ 15100 ಮತ್ತು 14447, ಕೆಳಗೆ ಪೌತಿ ಖಾತೆಗೆ ಬೇಕಾದ ಕಾಗದಗಳು, ಅದರ ಕೆಳಗೆ ಮುಂದಿನ ಗ್ರಾಮಸಭೆಯ ದಿನ ಬರೆಯಲು ಖಾಲಿ ಜಾಗ. ಆದರೆ ಎರಡು ದಿನ ತಡೆಯಿರಿ. ಅಕ್ಷರ ಸಣ್ಣದಾಯಿತು, ದೊಡ್ಡದು ಮಾಡಿಕೊಂಡು ಬಾ ಅಂತ ಅಜ್ಜಿ ವಾಪಸ್ ಕೊಟ್ಟಿದ್ದಾರೆ.